ಹುಡುಗರಿಗೆ ಫರ್ಸಿ ಕೆಲಸ ಕಲಿಸುವುದು: ಒಂದು ಪ್ರಶ್ನೆ, ಒಂದು ಉದ್ದನೆಯ ಉತ್ತರ

ಪ್ರಶ್ನೆ: ನಾನು ಸೇಡಂ ಕಡೆಯವನು. ಹದಿನೆಂಟು ವರ್ಷದಿಂದ ಫರ್ಸಿ (ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು), ಟೈಲ್ಸ್ ಹಾಕುವ ಕೆಲಸ. ಈಗ ಕಲಬುರಗಿಯಲ್ಲಿ ಚದರಡಿ ಲೆಕ್ಕದಲ್ಲಿ ಗುತ್ತಿಗೆ ಹಿಡಿಯುತ್ತೇನೆ. ನಾಲ್ಕು ಜನ ಗೌಂಡಿಗಳಿದ್ದಾರೆ (ಕಲ್ಲು ಕೂರಿಸುವ ನುರಿತ ಕೆಲಸಗಾರರು), ಕಲಿಯೋಕೆ ಬಂದ ಮೂವರು ಹುಡುಗರಿದ್ದಾರೆ. ಹುಡುಗರು ನಿಲ್ಲುವುದೇ ಇಲ್ಲ. ಆರು ತಿಂಗಳು ಮಾಲು (ಸಿಮೆಂಟ್, ಉಸುಕಿನ ಗಾರೆ) ಕಲಸುತ್ತಾರೆ, ಆಮೇಲೆ ಹೈದರಾಬಾದ್, ಪುಣೆ ಅಂತ ಹೋಗಿಬಿಡುತ್ತಾರೆ. ನಾವೂ ಹಂಗೇ ನೋಡಿ ನೋಡಿ ಕಲಿತವರು, ಆರು ತಿಂಗಳು ಮಾಲು ಕಲಸಿದರೆ ಕೆಲಸ ತಾನೇ ಗೊತ್ತಾಗಬೇಕಲ್ಲ? ಇವರಿಗೆ ಹೇಗೆ ಕಲಿಸಬೇಕು? ಸರ್ಕಾರದ ಸರ್ಟಿಫಿಕೇಟ್ ಏನಾದರೂ ಸಿಗುತ್ತದಾ? ಇನ್ನೊಂದು, ನನ್ನ ಅಕ್ಕನ ಮಗನಿಗೆ 16 ವರ್ಷ, ಹತ್ತನೇ ಕ್ಲಾಸು ಫೇಲ್ ಆಗಿದ್ದಾನೆ. ಅವನನ್ನು ಕೆಲಸಕ್ಕೆ ಕರೆದುಕೊಳ್ಳಲಾ?

ಉತ್ತರ:

ಆರು ತಿಂಗಳು ಮಾಲು ಕಲಸಿದವನಿಗೆ ಮಾಲು ಕಲಸೋದು ಬರುತ್ತದೆ ಮೇಸ್ತ್ರಿಗಳೇ, ಫರ್ಸಿ ಕೂರಿಸೋದು ಬರುವುದಿಲ್ಲ. ನೀವೂ ನಾನೂ ನೋಡಿ ನೋಡಿ ಕಲಿತೆವು ಅನ್ನುವುದು ಅರ್ಧ ನಿಜ. ನಾವು ಕಲಿಯುವಾಗ ದಿನಗೂಲಿ ಇತ್ತು. ಊಟದ ಹೊತ್ತಿನಲ್ಲಿ ಗೌಂಡಿ ಬೀಡಿ ಹಚ್ಚಿ ಕೂತರೆ ಅವನ ಥಾಪಿ, ಅಂದರೆ ಗಾರೆ ಹರಡುವ ಕರಣೆ, ನಮ್ಮ ಕೈಗೆ ಬರುತ್ತಿತ್ತು, ಎರಡು ಕಲ್ಲು ಕೂರಿಸಿ ನೋಡುತ್ತಿದ್ದೆವು. ಕೆಟ್ಟರೆ ಬೈದು, ಕಿತ್ತು, ಮತ್ತೆ ಹಾಕುತ್ತಿದ್ದ. ಅದರಿಂದ ಅವನ ಜೇಬಿಗೇನೂ ಲುಕ್ಸಾನು ಇರಲಿಲ್ಲ. ಈಗ ಚದರಡಿ ಲೆಕ್ಕ. ಹುಡುಗ ಕಲ್ಲು ಮುಟ್ಟಿದ ಪ್ರತಿ ನಿಮಿಷ ಗೌಂಡಿಯ ದುಡ್ಡು. ನಿಮ್ಮ ನಾಲ್ಕು ಗೌಂಡಿಗಳಲ್ಲಿ ಯಾರೂ ಕೆಟ್ಟವರಿರಲಿಕ್ಕಿಲ್ಲ, ಆದರೆ ಅವರಿಗೆ ಕಲಿಸುವ ಪುರುಸೊತ್ತನ್ನು ನಿಮ್ಮ ಗುತ್ತಿಗೆಯೇ ಕಿತ್ತುಕೊಂಡಿದೆ. ಹುಡುಗ ಓಡಿಹೋಗುವುದಕ್ಕೆ ನನಗೆ ಕಾಣುವ ದೊಡ್ಡ ಕಾರಣ ಅದು. ಪುಣೆಯಲ್ಲೂ ಅವನು ಮಾಲೇ ಕಲಸುತ್ತಾನೆ, ಆದರೆ ಅಲ್ಲಿ ಕೂಲಿ ಜಾಸ್ತಿ.

ಹಾಗಾಗಿ ಕೂಲಿಯ ಜಾಗ ಬೇರೆ, ಕಲಿಯುವ ಜಾಗ ಬೇರೆ ಮಾಡಿ. ಗಿರಾಕಿಯ ಮನೆಯ ಹಾಲಿನಲ್ಲಿ ಯಾರಿಗೂ ಕಲಿಸೋಕಾಗುವುದಿಲ್ಲ. ನಾನು ಮಾಡಿದ್ದು ಹೇಳುತ್ತೇನೆ. ಸಾಮಾನು ಇಡುವ ಶೆಡ್ಡಿನ ಪಕ್ಕ ಏಳು ಅಡಿ ಉದ್ದ, ಏಳು ಅಡಿ ಅಗಲದ ಜಾಗದಲ್ಲಿ ಇಟ್ಟಿಗೆ ಅಂಚು ಕಟ್ಟಿಸಿ ನಾಲ್ಕಿಂಚು ಉಸುಕು ತುಂಬಿಸಿದೆ. ಸಿಮೆಂಟ್ ಇಲ್ಲ, ಬರೀ ತೇವದ ಉಸುಕು. ಎರಡಡಿಯ ಒಂಬತ್ತು ಶಹಾಬಾದ್ ಕಲ್ಲು, ಅದೂ ಮೂಲೆ ಮುಕ್ಕಾದವು, ಬೆನ್ನು ಉಬ್ಬಿದವು. ಶಹಾಬಾದ್, ಚಿತ್ತಾಪುರ, ವಾಡಿ ಕಡೆ ಇಂಥ ಕಲ್ಲು ಗಣಿಯ ಬಾಯಲ್ಲಿ ರಾಶಿ ಬಿದ್ದಿರುತ್ತವೆ, ಸಾಗಿಸುವ ಖರ್ಚು ಕೊಟ್ಟರೆ ಸಿಕ್ಕಾವು. ದಿನಾ ಸಂಜೆ ಮುಕ್ಕಾಲು ಗಂಟೆ ಹುಡುಗ ಒಂಬತ್ತೂ ಕಲ್ಲನ್ನು ಮೂರು ಸಾಲಿನಲ್ಲಿ ಕೂರಿಸಬೇಕು. ಮುಗಿದ ಮೇಲೆ ಎರಡೂ ಕರ್ಣ ಅಳೆಯಬೇಕು. ಸಂದು ಬಿಗಿಯಾಗಿದ್ದರೆ ಸುಮಾರು 8 ಅಡಿ 6 ಇಂಚು ಬರುತ್ತದೆ. ಅಳತೆ ಎಷ್ಟೇ ಬರಲಿ, ಎರಡೂ ಒಂದೇ ಬರಬೇಕು. ಆಮೇಲೆ ನಾನು ಮೇಲೆ ನಿಂತು ನಡೆದಾಡುತ್ತಿದ್ದೆ. ಕಾಲಿಗೆ ಒಂದು ಅಂಚು ತಾಗಿದರೂ ಆ ಕಲ್ಲು ಏಳಬೇಕು. ಕೊನೆಗೆ ಎಲ್ಲ ಕಿತ್ತು ಗೋಡೆಗೆ ಒರಗಿಸಿ, ಉಸುಕು ಸಮ ಮಾಡಿ ಮನೆಗೆ ಹೋಗೋದು. ಸಂಜೆಯ ಆ ಹೊತ್ತಿಗೂ ಕೂಲಿ ಕೊಟ್ಟೆ, ಇದನ್ನು ಮರೆಯಬೇಡಿ. ಪುಕ್ಕಟೆ ಕಲಿಸುತ್ತೇನೆ ಅಂತ ಪುಕ್ಕಟೆ ದುಡಿಸಿದರೆ ಹುಡುಗನಿಗೆ ಲೆಕ್ಕ ಗೊತ್ತಾಗುತ್ತದೆ.

ಯಾಕೆ ಟೈಲ್ಸ್ ಅಲ್ಲ, ಫರ್ಸಿ? ಟೈಲ್ಸು ಒಂದೇ ದಪ್ಪ ಬರುತ್ತದೆ. ಕೈಗೆ ಏನೂ ಹೇಳುವುದಿಲ್ಲ. ಶಹಾಬಾದ್ ಕಲ್ಲು ಒಂದು ಕಡೆ ಒಂದಿಂಚು, ಇನ್ನೊಂದು ಕಡೆ ಒಂದೂಕಾಲು. ಪ್ರತಿ ಕಲ್ಲಿಗೂ ಕೆಳಗಿನ ಹಾಸಿಗೆಯನ್ನು ಬೇರೆ ಮಾಡಬೇಕು. ಎತ್ತಿ, ಬೆನ್ನು ತಿರುಗಿಸಿ ನೋಡಿ, ಎಲ್ಲಿ ಉಬ್ಬಿದೆ ಅಲ್ಲಿ ಉಸುಕು ತೆಗೆದು, ಎಲ್ಲಿ ತಗ್ಗಿದೆ ಅಲ್ಲಿ ಹಾಕಿ, ಮತ್ತೆ ಇಳಿಸಬೇಕು. ಈ ಕಲ್ಲಿನ ಮೇಲೆ ಕೈ ಕುದುರಿದ ಹುಡುಗ ಟೈಲ್ಸಿಗೆ ಹೋದರೆ ಒಂದು ವಾರದಲ್ಲಿ ಹಿಡಿಯುತ್ತಾನೆ. ಟೈಲ್ಸಿನಲ್ಲಿ ಕಲಿತವನಿಗೆ ಫರ್ಸಿ ಕೊಟ್ಟು ನೋಡಿ, ಬೆವರುತ್ತಾನೆ. ಎರಡಡಿ ಕಲ್ಲು 25ರಿಂದ 30 ಕಿಲೋ ತೂಗುತ್ತದೆ, ಸೊಂಟ ಬಗ್ಗಿಸದೆ ಮೊಣಕಾಲು ಮಡಚಿ ಎತ್ತೋದನ್ನು ಮೊದಲ ದಿನವೇ ತೋರಿಸಿ. ಮೊಣಕಾಲ ಕೆಳಗೆ ಗೋಣಿಚೀಲ ಮಡಚಿ ಹಾಕಿಕೊಳ್ಳಲು ಹೇಳಿ. ನನ್ನ ಎಡಗಾಲು ಈಗ ಪೂರ್ತಿ ಮಡಚುವುದಿಲ್ಲ. ನನಗೆ ಯಾರೂ ಹೇಳಿರಲಿಲ್ಲ.

ಕಣ್ಣಿಗಿಂತ ಮೊದಲು ಕಿವಿ ತಯಾರಾಗಬೇಕು ಅನ್ನುವವನು ನಾನು. ಮನೆಯಲ್ಲಿ ಫರ್ಸಿ ಹಾಕಿ ಮೂರು ದಿನವಾದ ಕೋಣೆಗೆ ಹುಡುಗನನ್ನು ಕರೆದುಕೊಂಡು ಹೋಗಿ, ಗೋಡೆ ಕಡೆ ಮುಖ ಮಾಡಿ ನಿಲ್ಲಿಸಿ, ನೀವು ಥಾಪಿಯ ಹಿಡಿಕೆಯಿಂದ ಒಂದೊಂದೇ ಕಲ್ಲು ಬಡಿಯುತ್ತ ಹೋಗಿ. ‘ಹೇಳು ತಮ್ಮಾ, ಇದು ತುಂಬ್ಯದೋ ಪೊಳ್ಳದೋ?’ ತುಂಬಿದ ಕಲ್ಲು ಗಟ್ಟಿಯಾಗಿ, ಗಿಡ್ಡವಾಗಿ ಸದ್ದು ಮಾಡುತ್ತದೆ. ಪೊಳ್ಳು ಕಲ್ಲು ಮಡಕೆ ತಟ್ಟಿದ ಹಾಗೆ. ಒಂದು ವಾರ ಬೇಕು ಕಿವಿ ಕೂರಲು. ಆಮೇಲೆ ಅವನೇ ನಿಮ್ಮ ಗೌಂಡಿಗಳ ತಪ್ಪು ಹಿಡಿಯೋಕೆ ಶುರು ಮಾಡುತ್ತಾನೆ, ಆ ಜಗಳಕ್ಕೆ ತಯಾರಿರಿ.

ಈಗ ಮಟ್ಟದ ವಿಷಯ. ಇದರಲ್ಲಿ ನಾನೇ ಒಮ್ಮೆ ಮುಗ್ಗರಿಸಿದ್ದೇನೆ. ಆಳಂದ ರಸ್ತೆ ಕಡೆ ಒಂದು ಮನೆ. ನೀರಿನ ಪೈಪು ಹಿಡಿದು ಹಾಲಿನ ನಾಲ್ಕು ಮೂಲೆಗೂ ಗುರುತು ಹಾಕಿಸುತ್ತಿದ್ದೆ. ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ಎಂಟು ದಿನದ ಹಿಂದೆ ಬಂದಿದ್ದ ಹುಡುಗನ ಕೈಯಲ್ಲಿ. ‘ಲೆವಲ್ ಸರಿ ಅದ ಕಾಕಾ’ ಅಂದ, ಗೀಚಿದ. ಎರಡು ಸಾಲು ಫರ್ಸಿ ಕೂತ ಮೇಲೆ ನೋಡಿದರೆ ಬಾಗಿಲ ಹತ್ತಿರ ಮುಕ್ಕಾಲು ಇಂಚು ಏರು. ಪೈಪಿನಲ್ಲಿ ಗಾಳಿಗುಳ್ಳೆ ಇರಬಹುದು ಅಂತ ನೀರು ಬದಲಿಸಿದೆ, ಮತ್ತೆ ಅದೇ ತಪ್ಪು. ಮೂರನೇ ಸಲ ಅವನ ಪಕ್ಕಕ್ಕೇ ಹೋಗಿ ನಿಂತಾಗ ಕಂಡಿತು: ಹೆಬ್ಬೆರಳಿನಿಂದ ಪೈಪಿನ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡೇ ನೀರು ನೋಡುತ್ತಿದ್ದ. ಒಂದು ಮೂಲೆಯಿಂದ ಇನ್ನೊಂದಕ್ಕೆ ನಡೆಯುವಾಗ ನೀರು ಚೆಲ್ಲದಿರಲಿ, ಬೆರಳು ಮುಚ್ಚು ಅಂತ ನಾನೇ ಹೇಳಿದ್ದೆ. ನಿಂತ ಮೇಲೆ ಬೆರಳು ತೆಗೆ, ಎರಡೂ ತುದಿಗೆ ಗಾಳಿ ತಾಗಿದರೆ ಮಾತ್ರ ನೀರು ಸಮಕ್ಕೆ ನಿಲ್ಲುತ್ತದೆ ಅಂತ ಹೇಳಿರಲಿಲ್ಲ. ಎರಡು ಸಾಲು ಕಿತ್ತೆವು. ಬೈಗುಳ ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಅವತ್ತಿನಿಂದ ಒಂದು ರೂಢಿ ಮಾಡಿಕೊಂಡೆ: ಏನು ಮಾಡು ಅನ್ನುವುದರ ಜೊತೆ ಯಾಕೆ ಅನ್ನುವುದನ್ನೂ ಹೇಳೋದು, ಮತ್ತು ಅವನ ಬಾಯಿಂದ ತಿರುಗಿ ಹೇಳಿಸೋದು. ಅಷ್ಟಾದರೂ ಇನ್ನೊಮ್ಮೆ ಎಡವಿದೆ. ನುಣ್ಣಗೆ ಪಾಲಿಶ್ ಹೊಡೆಸಿದ ಶಹಾಬಾದ್ ನೆಲದ ಮೇಲೆ ಸಿಮೆಂಟ್ ಕಲೆ ಉಳಿದಿತ್ತು. ಹಿಂದಿನ ವಾರ ಟೈಲ್ಸ್ ಮನೆಯಲ್ಲಿ ಆ್ಯಸಿಡ್ ಹಾಕಿ ಒರೆಸಿದ್ದನ್ನು ಹುಡುಗ ನೋಡಿದ್ದ. ಇಲ್ಲೂ ಸುರಿದ. ನೆಲ ಬುಸ್ಸೆಂದು ನೊರೆ ಬಂತು. ನಮ್ಮ ಕಲ್ಲು ಸುಣ್ಣದ ಕಲ್ಲು, ಆ್ಯಸಿಡ್ ಅದನ್ನು ತಿನ್ನುತ್ತದೆ. ನಿಂಬೆಹಣ್ಣಿನ ರಸ ಬಿದ್ದರೂ ಹೊಳಪು ಹೋಗುತ್ತದೆ. ಮೂರಡಿ ಅಗಲದ ಮಸುಕು ಮಚ್ಚೆ, ಮತ್ತೆ ಪಾಲಿಶ್ ಹೊಡೆಸಿದ ಖರ್ಚು ನನ್ನದೇ. (ಸನ್ನತಿ ಹತ್ತಿರ ಕನಗನಹಳ್ಳಿಯ ಸ್ತೂಪದ ಕೆತ್ತನೆ ಫಲಕಗಳೂ ಸುಣ್ಣದ ಕಲ್ಲೇ. ಎರಡು ಸಾವಿರ ವರ್ಷದ ಹಿಂದಿನ ಉಳಿಯ ಗೆರೆ ಇನ್ನೂ ಕಾಣುತ್ತದೆ. ಒಂದು ಭಾನುವಾರ ಹುಡುಗರನ್ನು ಕರೆದುಕೊಂಡು ಹೋಗಿ ತೋರಿಸಿ, ದೂರವೇನಿಲ್ಲ. ತಾವು ಹೊತ್ತು ಹಾಕುವ ಕಲ್ಲು ಎಂಥದು ಅಂತ ಗೊತ್ತಾಗಲಿ.)

ಮುಂದಿನದು ಲೆಕ್ಕ. ಹೆಚ್ಚಿನ ಮೇಸ್ತ್ರಿಗಳು ಇದನ್ನು ಹುಡುಗರಿಗೆ ಕೊಡುವುದೇ ಇಲ್ಲ, ಮುಷ್ಟಿಯಲ್ಲಿ ಇಟ್ಟುಕೊಳ್ಳುತ್ತಾರೆ. ಕೊಡಿ. ಒಂದು ಕೋಣೆ 10 ಅಡಿ 4 ಇಂಚು ಅಗಲ ಇದೆ ಅನ್ನಿ, ಟೈಲ್ಸ್ ಎರಡಡಿಯದು. ಗೋಡೆಯಿಂದ ಶುರು ಮಾಡಿದರೆ ಐದು ಟೈಲ್ಸ್ ಕೂತು ಕೊನೆಗೆ ನಾಲ್ಕಿಂಚಿನ ಪಟ್ಟಿ ಉಳಿಯುತ್ತದೆ. ಆ ಪಟ್ಟಿ ಕತ್ತರಿಸುವಾಗ ಒಡೆಯುತ್ತದೆ, ಕೂತ ಮೇಲೆ ಅಸಹ್ಯವಾಗಿ ಕಾಣುತ್ತದೆ. ಗೋಡೆ ಸ್ವಲ್ಪ ಸೊಟ್ಟಗಿದ್ದರೆ ಪಟ್ಟಿ ಒಂದು ತುದಿಗೆ ನಾಲ್ಕಿಂಚು, ಇನ್ನೊಂದು ತುದಿಗೆ ಮೂರಿಂಚಾಗಿ ಸೊಟ್ಟತನ ಎದ್ದು ಕಾಣುತ್ತದೆ. ಬದಲಿಗೆ ಕೋಣೆಯ ನಡುಗೆರೆ ಎಳೆದು, ನಡುವೆ ನಾಲ್ಕು ಪೂರ್ತಿ ಟೈಲ್ಸ್ ಇಟ್ಟರೆ ಎಂಟಡಿ. ಉಳಿದ 28 ಇಂಚನ್ನು ಎರಡೂ ಗೋಡೆಗೆ ಹಂಚಿದರೆ 14 ಇಂಚಿನ ತುಂಡು. ಸಾಲಿಗೆ ಒಂದರ ಬದಲು ಎರಡು ಕಡೆ ಕತ್ತರಿಸಬೇಕು, ನಿಜ. ಆದರೆ ಕೋಣೆ ನೋಡೋಕೆ ಚೆಂದ. ಸಂದಿನ ಎರಡೆರಡು ಮಿಲಿಮೀಟರನ್ನೂ ಕೂಡಿಸೋದು ಕಲಿಸಿ. ಈ ಲೆಕ್ಕವನ್ನು ಹುಡುಗ ಇದ್ದಲಿನಿಂದ ನೆಲದ ಮೇಲೆ ಬರೆದು ತೋರಿಸಬೇಕು, ಆಮೇಲೆ ಸಿಮೆಂಟ್ ಚೀಲ ಬಿಚ್ಚೋದು.

ಮೂಲೆ ಲಂಬಕೋನಕ್ಕೆ ಇದೆಯಾ ಅಂತ ನೋಡುವ ಗುನಿಯಾ ಸಣ್ಣದು, ದೊಡ್ಡ ಹಾಲಿಗೆ ನಂಬೋಕಾಗುವುದಿಲ್ಲ. ಒಂದು ದಾರದ ಮೇಲೆ 6 ಅಡಿ, ಇನ್ನೊಂದರ ಮೇಲೆ 8 ಅಡಿ ಗುರುತು ಹಾಕಿ ನಡುವೆ ಟೇಪು ಹಿಡಿದರೆ ಸರಿಯಾಗಿ 10 ಅಡಿ ಬರಬೇಕು. ಶಾಲೆಯಲ್ಲಿ ಇದನ್ನೇ ಪೈಥಾಗೊರಸ್ ಪ್ರಮೇಯ ಅಂತ ಓದಿ ಫೇಲ್ ಆದ ಹುಡುಗರು ಇಲ್ಲಿ ದಾರ ಹಿಡಿದು ನಿಂತಾಗ ಮುಖ ಅರಳೋದನ್ನು ನೋಡಿದ್ದೇನೆ. ‘ಇದು ಅದೇನಾ?’ ಅನ್ನುತ್ತಾರೆ. ಅದೇ.

ಮಾಲಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ನಿಮ್ಮ ಹುಡುಗರು ಅದರಲ್ಲಿ ಪಂಡಿತರು. ಒಂದು ಪಾಲು ಸಿಮೆಂಟಿಗೆ ಆರು ಪಾಲು ಉಸುಕು, ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ಸೋರಬಾರದು, ಮೇಲೆ ಗಂಜಿಯಂತೆ ಕಲಸಿದ ಸಿಮೆಂಟ್. ನಮ್ಮ ಕಡೆಯ ಬಿಸಿಲಿನ ಮಾತು ಮಾತ್ರ ಬೇರೆಯೇ ಹೇಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ 42-43 ಡಿಗ್ರಿ ಬಿಸಿಲಲ್ಲಿ ಬಿದ್ದಿದ್ದ ಕಲ್ಲನ್ನು ಹಾಗೇ ತಂದು ಕೂರಿಸಿದರೆ ಅದು ಮಾಲಿನ ನೀರನ್ನು ಕುಡಿದುಬಿಡುತ್ತದೆ, ಸಿಮೆಂಟ್ ಸುಟ್ಟು ಪುಡಿಯಾಗುತ್ತದೆ. ಕಲ್ಲನ್ನು ನೆರಳಿಗೆ ತಂದು, ನೀರು ಹೊಡೆದು, ಮೇಲಿನ ನೀರು ಆರಿದ ಮೇಲೆ ಹಾಕಬೇಕು. ಅರ್ಧ ಗಂಟೆಗೆ ಸಾಲುವಷ್ಟೇ ಮಾಲು. ಇದನ್ನು ಕಲಿತ ಹುಡುಗ ವಿಟ್ರಿಫೈಡ್ ಟೈಲ್ಸನ್ನೂ ರೂಢಿಯಿಂದ ನೀರಲ್ಲಿ ನೆನೆಸುತ್ತಾನೆ, ಅಲ್ಲಿ ತಡೆಯಿರಿ. ಅದು ನೀರು ಕುಡಿಯುವುದು ನೂರಕ್ಕೆ ಅರ್ಧ ಪಾಲೂ ಇಲ್ಲ. ಕುಡಿಯದ್ದಕ್ಕೆ ಬರೀ ಸಿಮೆಂಟ್ ಸರಿಯಾಗಿ ಕಚ್ಚುವುದೂ ಇಲ್ಲ. ಅದಕ್ಕೇ ಚೀಲದಲ್ಲಿ ಬರುವ ಅಂಟು, ಅದನ್ನು ಹರಡೋಕೆ ಹಲ್ಲಿನ ಕರಣೆ. ಗೋಡೆಯ ಅಂಚಿಗೆ ಸಂದು ಬಿಡದೆ ಬಿಗಿ ಕೂರಿಸಿದ ಟೈಲ್ಸು ಬೇಸಿಗೆಯಲ್ಲಿ ಡೇರೆ ಹಾಗೆ ಎದ್ದು ನಿಂತದ್ದನ್ನು ನೀವೂ ನೋಡಿರುತ್ತೀರಿ.

ಇನ್ನು ಎರೆಮಣ್ಣು. ನಮ್ಮ ಎರೆ ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಪಾಯದೊಳಗೆ ಅದೇ ಮಣ್ಣು ತುಂಬಿ ಮೇಲೆ ಎಷ್ಟು ಚೆಂದ ಫರ್ಸಿ ಹಾಕಿದರೂ ಎರಡು ಮಳೆಗಾಲಕ್ಕೆ ನೆಲ ಅಲೆ ಅಲೆಯಾಗುತ್ತದೆ, ಬೈಗುಳ ನಮಗೆ. ಹುಡುಗನಿಗೆ ಮೊದಲು ನೆಲದ ಕೆಳಗೆ ಏನಿದೆ ಅಂತ ಕೇಳೋದು ಕಲಿಸಿ. ಗರಸು (ಗಟ್ಟಿ ಜಲ್ಲಿಮಣ್ಣು) ತುಂಬಿ, ಆರಾರು ಇಂಚಿಗೆ ನೀರು ಹೊಡೆದು ಬಡಿದಿದ್ದಾರಾ? ಇಲ್ಲದಿದ್ದರೆ ಮಾಲಕರಿಗೆ ಮೊದಲೇ ಹೇಳಿ, ಬರೆಸಿಕೊಳ್ಳಿ.

ಒಂದು ತಪ್ಪನ್ನು ಎಲ್ಲರೂ ಮಾಡುತ್ತಾರೆ, ನೀವೂ ಮಾಡುತ್ತಿರಬಹುದು. ಹುಡುಗನಿಗೆ ಮೊದಲ ಕೆಲಸ ಅಂತ ಬಚ್ಚಲು ಕೊಡುತ್ತಾರೆ. ಸಣ್ಣದು, ಯಾರೂ ನೋಡುವುದಿಲ್ಲ ಅಂತ. ಅದಕ್ಕಿಂತ ಕಠಿಣವಾದ ನೆಲ ಮನೆಯಲ್ಲಿ ಇನ್ನೊಂದಿಲ್ಲ. ನಾಲ್ಕು ದಿಕ್ಕಿನಿಂದ ನೀರು ಹೋಗುವ ಜಾಲಿಯ ಕಡೆಗೆ ಇಳಿಜಾರು ಬೇಕು, ಆರಡಿಗೆ ಮುಕ್ಕಾಲರಿಂದ ಒಂದಿಂಚು. ಜಾಲಿಯ ಸುತ್ತ ಓರೆ ತುಂಡುಗಳು, ಪೈಪಿನ ಸುತ್ತ ದುಂಡು ಕಟಿಂಗ್. ಮಟ್ಟ ಕಲಿಯುತ್ತಿರುವವನಿಗೆ ಮಟ್ಟ ತಪ್ಪಿಸೋದನ್ನು ಹೇಗೆ ಕಲಿಸುತ್ತೀರಿ? ಮೊದಲ ಸಿಮೆಂಟ್ ಕೆಲಸ ಅಂಗಳದ ದಾರಿ, ದನದ ಕೊಟ್ಟಿಗೆ, ಕಟ್ಟೆ ಇರಲಿ. ಆಮೇಲೆ ಮಲಗುವ ಕೋಣೆ. ಬಚ್ಚಲು ಕೊನೆಗೆ, ಒಂದು ವರ್ಷ ಕಳೆದ ಮೇಲೆ. ಬಕೆಟ್ಟು ನೀರು ಸುರಿದು ಹತ್ತು ನಿಮಿಷ ಬಿಟ್ಟು ಎಲ್ಲೂ ನಿಲ್ಲದಿದ್ದರೆ ಅವನು ಗೌಂಡಿ ಆದ ಅಂತ ನಾನು ಒಪ್ಪುತ್ತೇನೆ.

ಕಟರ್ ಮಶಿನ್ನು ಕೂಡ ತಡವಾಗಿ ಬರಲಿ. ನಾಲ್ಕಿಂಚಿನ ಬ್ಲೇಡು ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಗಾರ್ಡ್ ಬಿಚ್ಚಿಟ್ಟ ಮಶಿನ್ ನಿಮ್ಮ ಸಾಮಾನಿನಲ್ಲಿದ್ದರೆ ಇವತ್ತೇ ಗಾರ್ಡ್ ಹಾಕಿಸಿ. ಮುಚ್ಚಿದ ಕೋಣೆಯಲ್ಲಿ ಒಣ ಕಟಿಂಗ್ ಬೇಡ. ಗ್ರಾನೈಟ್, ಟೈಲ್ಸಿನ ಧೂಳಲ್ಲಿ ಇರುವ ಸಿಲಿಕಾ ಪುಪ್ಪುಸಕ್ಕೆ ಸೇರಿದರೆ ವಾಪಸ್ ಬರುವುದಿಲ್ಲ, ಬಾಯಿಗೆ ಕಟ್ಟಿದ ಟವೆಲ್ ಅದನ್ನು ತಡೆಯುವುದೂ ಇಲ್ಲ. ಹಾಗಂತ ಕೈ ಮಶಿನ್ನಿನ ಮೇಲೆ ಬಾಟಲಿಯಿಂದ ನೀರು ಬಿಡಿಸಬೇಡಿ, ಶಾಕ್ ಹೊಡೆದೀತು. ನೀರು ಹಾಕಿ ಕತ್ತರಿಸಲೆಂದೇ ಮಾಡಿದ ಮಶಿನ್ ಬೇರೆ ಸಿಗುತ್ತದೆ. ಅದಿಲ್ಲದಿದ್ದರೆ ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಒಳ್ಳೆ ಮಾಸ್ಕ್ ಹಾಕಿ. ನೆಟ್ಟಗಿನ ಕಟಿಂಗಿಗೆ ಗೀರಿ ಮುರಿಯುವ ಕೈ ಕಟರ್ ಸಾಕು, ಧೂಳೇ ಇಲ್ಲ.

ದುಡ್ಡಿನ ಮಾತಿಗೆ ಬರೋಣ. ಹುಡುಗ ಉಸುಕಿನಲ್ಲಿ ಪಾಸಾಗಿ ನಿಜವಾದ ಕೋಣೆಗೆ ಬಂದ ದಿನದಿಂದ, ಅವನು ಹಾಕಿದ ಚದರಡಿಯನ್ನು ಬೇರೆ ಅಳೆದು, ಗೌಂಡಿ ದರದ ಅರ್ಧವನ್ನು ದಿನಗೂಲಿಯ ಮೇಲೆ ಕೊಡಿ. ಇನ್ನರ್ಧ ಅವನ ಪಕ್ಕ ಕೂತು ತೋರಿಸಿದ ಗೌಂಡಿಗೆ. ಆಗ ಗೌಂಡಿಗೂ ಕಲಿಸೋದರಲ್ಲಿ ಪಾಲು ಬರುತ್ತದೆ. ಒಡೆದ ಟೈಲ್ಸಿಗೆ ಕೂಲಿ ಹಿಡಿಯಬೇಡಿ. ನೂರಕ್ಕೆ ಐದರಿಂದ ಹತ್ತು ಹೆಚ್ಚುವರಿ ತರಿಸೋದು ರೂಢಿ, ಅವನ ಒಡಕೂ ಅದರಲ್ಲೇ ಬರುತ್ತದೆ. ನನ್ನಲ್ಲಿ ಹೀಗೆ ಮಾಡಿದ ಮೇಲೆ ಹುಡುಗರು ಹೋಗೋದು ನಿಲ್ಲಲಿಲ್ಲ, ಕಡಿಮೆಯಾಯಿತು. ಒಂದು ವಿಷಯ ಗಮನಿಸಿ, ನಿಮ್ಮ ಹುಡುಗರು ‘ಬಿಟ್ಟು ಹೋಗುವುದು’ ಯಾವ ತಿಂಗಳು? ಡಿಸೆಂಬರ್, ಜನವರಿ ಆದರೆ ಅದು ತೊಗರಿ ರಾಶಿ, ಅಂದರೆ ಕೊಯ್ದು ಒಕ್ಕುವ ಕಾಲ. ಎಳ್ಳ ಅಮಾಸಿಗೆ ಊರಿಗೆ ಹೋದವನು ಹೊಲ ಬಿಟ್ಟು ಬರುವುದು ರಾಶಿ ಮುಗಿದ ಮೇಲೇ. ಅವನನ್ನು ಓಡಿಹೋದ ಅಂತ ಲೆಕ್ಕ ಹಾಕಿ, ವಾಪಸ್ ಬಂದಾಗ ಜಾಗ ಇಲ್ಲ ಅಂದರೆ ಅವನು ಪುಣೆ ಬಸ್ಸು ಹತ್ತದೆ ಇನ್ನೇನು ಮಾಡುತ್ತಾನೆ? ‘ರಾಶಿ ಮುಗಿಸಿ ಬಾ, ನಿನ್ನ ಥಾಪಿ ಇಲ್ಲೇ ಇರತದ’ ಅಂತ ಹೇಳಿ ಕಳಿಸಿ.

ಸರ್ಟಿಫಿಕೇಟ್ ಬಗ್ಗೆ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ 30 ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆ ಕೆಲಸ ಕಲಿಯುವ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು, ನಾಲ್ಕು ಅಥವಾ ಹೆಚ್ಚು ಜನ ಇರುವವರು ಬೇಕೆಂದರೆ ತೆಗೆದುಕೊಳ್ಳಬಹುದು. 2016ರಲ್ಲಿ ಬಂದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಹುಡುಗನಿಗೆ ಕೊಡುವ ಭತ್ಯೆಯ ಕಾಲು ಭಾಗ, ತಿಂಗಳಿಗೆ ಹೆಚ್ಚೆಂದರೆ 1500 ರೂಪಾಯಿ, ಕೇಂದ್ರ ಸರ್ಕಾರ ಕೊಡುತ್ತದೆ. ಅದಕ್ಕೆ ನೋಂದಣಿ, ಒಪ್ಪಂದ, ಬ್ಯಾಂಕಿನ ಮೂಲಕ ಭತ್ಯೆ, ಹಾಜರಿ ಎಲ್ಲ ಬೇಕು. ಲೆಕ್ಕಪತ್ರ ಇಡುವವರು ನಿಮ್ಮಲ್ಲಿದ್ದರೆ ಮಾಡಿ. ಇಲ್ಲದಿದ್ದರೆ ನಿಮ್ಮಂಥವರಿಗೆ ಹತ್ತಿರದ ದಾರಿ ಎರಡು. ಮೊದಲನೆಯದು ಲೇಬರ್ ಕಾರ್ಡ್: 18ರಿಂದ 60 ವರ್ಷದವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಆ 90 ದಿನದ ದಾಖಲೆಗೆ ಹುಡುಗನ ಬೆನ್ನಿಗೆ ನೀವು ನಿಲ್ಲಬೇಕು. ಎರಡನೆಯದು ಆರ್‌ಪಿಎಲ್, ಅಂದರೆ ಕೆಲಸ ಈಗಾಗಲೇ ಬರುವವನನ್ನು ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡೋದು. ಅದರ ಶಿಬಿರ ಯಾವಾಗ ಅಂತ ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ಕೇಳಿ. ನಿಮ್ಮ ಗೌಂಡಿಗಳಿಗೇ ಮೊದಲು ಮಾಡಿಸಿ, ಕಲಿಸುವವನ ಕೈಯಲ್ಲೂ ಒಂದು ಕಾಗದ ಇರಲಿ.

ಕೊನೆಗೆ ನಿಮ್ಮ ಅಕ್ಕನ ಮಗ. 16 ವರ್ಷ. ಅಪ್ರೆಂಟಿಸ್ ಕಾಯ್ದೆಯಲ್ಲಿ ಅಪಾಯದ ಕೆಲಸಕ್ಕೆ 18 ತುಂಬಿರಬೇಕು, ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯೂ 14ರಿಂದ 18ರ ಹುಡುಗರನ್ನು ಅಪಾಯದ ಕೆಲಸದಿಂದ ದೂರ ಇಡುತ್ತದೆ. ಕಾನೂನು ಬಿಡಿ, 30 ಕಿಲೋ ಕಲ್ಲು, ಧೂಳು, ಕಟರ್ ನಡುವೆ ಅವನನ್ನು ಈಗಲೇ ಬಿಟ್ಟರೆ ನಾಳೆ ಅಕ್ಕನಿಗೆ ನೀವೇ ಉತ್ತರ ಹೇಳಬೇಕು. ಕೆಲಸಕ್ಕೆ ಕರೆದುಕೊಳ್ಳಬೇಡಿ. ಹತ್ತನೇದನ್ನು ಮತ್ತೊಮ್ಮೆ ಬರೆಯಲಿ, ಪಾಸಾದರೆ ಐಟಿಐ ಬಾಗಿಲು ತೆರೆಯುತ್ತದೆ. ಗಣಿತದಲ್ಲಿ ಹೋಗಿದ್ದರೆ ರಜೆಯ ದಿನ ಒಂದು ಟೇಪು, ಒಂದು ನೋಟ್‌ಬುಕ್ಕು ಕೊಟ್ಟು ನಿಮ್ಮ ಮನೆಯ ಪಡಸಾಲೆ ಅಳೆಸಿ. ಎರಡಡಿ ಕಲ್ಲು ಎಷ್ಟು ಬೇಕು, ಅಂಚಿನ ತುಂಡು ಎಷ್ಟಿಂಚು ಬರುತ್ತದೆ ಅಂತ ಬರೆದು ತರಲಿ. ತಪ್ಪಿದ್ದರೆ ನೀವು ತಿದ್ದಬೇಡಿ. ಎರಡಡಿ ಚೌಕದ ರಟ್ಟು ಕತ್ತರಿಸಿ ಕೊಡಿ, ನೆಲದ ಮೇಲೆ ಇಟ್ಟು ನೋಡಿ ಎಲ್ಲಿ ತಪ್ಪಿತು ಅಂತ ಅವನೇ ಹುಡುಕಲಿ.